ಫ್ರೀಯಾಗಿ ಹಾಕಿದ ತ್ರೀಡಿ ಮಾಡೆಲ್‌ನ ಕಂಪನಿಯವ್ರು ಮಾರ್ತಿದ್ರೆ ಎಂತ ಮಾಡ್ಬೇಕು?

ವಾರಕ್ಕೆ ಒಬ್ರಾದ್ರೂ ಇದನ್ನೇ ಕೇಳ್ತಾರೆ. ಫೋನಲ್ಲಿ ಕೇಳ್ತಾರೆ, ಅಂಗಡಿ ಬಾಗಿಲಲ್ಲಿ ನಿಂತು ಕೇಳ್ತಾರೆ, ಮೊನ್ನೆ ಗೋಪಿ ಸರ್ಕಲ್ ಹತ್ರ ಪಕ್ಕದ ಬೈಕಿನವನು ಹೆಲ್ಮೆಟ್ ಗಾಜು ಎತ್ತಿ ಕೇಳ್ದ: "ಸರ್, ನಾನು ಫ್ರೀ ಬಿಟ್ಟಿದ್ದ ಮಾಡೆಲ್‌ನ ಯಾವ್ದೋ ಗಿಫ್ಟ್ ಕಂಪನಿಯವ್ರು ಪ್ರಿಂಟ್ ಹೊಡ್ದು ಮಾರ್ತಿದ್ದಾರೆ, ಫ್ರೀ ಕೊಟ್ಮೇಲೆ ಕೇಳೋ ಹಕ್ಕು ಇದೆಯಾ ಇಲ್ವಾ?" ಅದಕ್ಕೆ ಒಂದೇ ಸಲ ಪೂರ್ತಿ ಬರ್ದುಬಿಡ್ತೀನಿ. ನಾನು ಲಾಯರ್ ಅಲ್ಲ, ಶಿವಮೊಗ್ಗದಲ್ಲಿ ಎರಡು ಪ್ರಿಂಟರ್ ಇಟ್ಕೊಂಡು ತ್ರೀಡಿ ಪ್ರಿಂಟ್ ಮಾಡ್ಕೊಡೋನು, ಮಾಡೆಲ್, ಅಂದ್ರೆ ಪ್ರಿಂಟರಿಗೆ ಕೊಡೋ ಮೂರು ಆಯಾಮದ ರೂಪದ ಕಂಪ್ಯೂಟರ್ ಫೈಲ್, ಮಾಡೋನು. ಇಂಥ ಮೂರ್ನಾಲ್ಕು ಜಗಳದಲ್ಲಿ ಹುಡುಗ್ರ ಜೊತೆ ಕೂತು ಕಾಗದ ಬರೆದು, ಕಾನೂನು ಓದಿ, ಲಾಯರ್ ಹತ್ರ ಬೈಸ್ಕೊಂಡು ಕಲ್ತಿದ್ದು ಇಷ್ಟು.

ಹಕ್ಕು ಇದೆ. ಆದ್ರೆ ಎಷ್ಟಿದೆ ಅನ್ನೋದು ನೀವು ಅಪ್‌ಲೋಡ್ ಮಾಡಿದ ದಿನ ಯಾವ ಟಿಕ್ ಹಾಕಿದ್ರಿ ಅನ್ನೋದರ ಮೇಲೆ ನಿಂತಿರ್ತದೆ. ನಮ್ಮ ಕಡೆ ಅಡಿಕೆ ತೋಟ ಇರೋರಿಗೆ ಇದು ಬೇಗ ಅರ್ಥ ಆಗ್ತದೆ, ಸೊಪ್ಪಿನಬೆಟ್ಟ ಗೊತ್ತಲ್ಲ? ತೋಟದವ್ರು ಸೊಪ್ಪು ಕಡೀಬಹುದು, ದರಗು ಗುಡಿಸ್ಕೊಂಡು ಬರ್ಬಹುದು, ಹಾಗಂತ ಬೆಟ್ಟ ಅವರದ್ದಾಗೋದಿಲ್ಲ, ನಾಟಾ ಕಡಿದು ಲಾರಿ ಹತ್ತಿಸಿದ್ರೆ ಫಾರೆಸ್ಟ್‌ನವ್ರು ಬಂದೇ ಬರ್ತಾರೆ. ಲೈಸೆನ್ಸ್ ಅಂದ್ರೆ ಇಷ್ಟೇ, ಇಂತಿಂಥದ್ದು ಮಾಡ್ಕೊಳ್ಳಿ, ಇದಕ್ಕಿಂತ ಆಚೆ ಹೋಗ್ಬೇಡಿ ಅನ್ನೋ ಅನುಮತಿ. ಫ್ರೀ ಅನ್ನೋದು ರೇಟು ಅಷ್ಟೇ, ಮಾಲೀಕತ್ವ ಅಲ್ಲ.

ಶುರು ಮಾಡೋ ಮುಂಚೆ ಇಷ್ಟು ಹತ್ರ ಇಟ್ಕೊಳ್ಳಿ: ಮಾಡೆಲ್‌ನ ಒರಿಜಿನಲ್ ಪ್ರಾಜೆಕ್ಟ್ ಫೈಲ್ (ಮಾಡೆಲ್ ಮಾಡೋ ಸಾಫ್ಟ್‌ವೇರ್ ಬ್ಲೆಂಡರ್ ಆಗ್ಲಿ ಫ್ಯೂಷನ್ ಆಗ್ಲಿ, ಬರೀ ಪ್ರಿಂಟಿಗೆ ಕೊಡೋ ಎಸ್‌ಟಿಎಲ್ ಫೈಲ್ ಸಾಲದು), ನೀವು ಅಪ್‌ಲೋಡ್ ಮಾಡಿದ ಪೇಜಿನ ಲಿಂಕ್, ಕಂಪನಿಯವ್ರು ಮಾರ್ತಿರೋ ಪೇಜಿನ ಲಿಂಕ್, ಮತ್ತೆ ಸಿಟ್ಟಿಲ್ಲದ ಒಂದು ಸಾಯಂಕಾಲ. ಕೊನೇದು ಸಿಗೋದೇ ಕಷ್ಟ.

ಹಂತ 1: ನೀವೇ ಹಾಕಿದ ಲೈಸೆನ್ಸ್ ಓದಿ

ಎಲ್ರೂ ಇದನ್ನ ಬಿಟ್ಟು ಸೀದಾ ಜಗಳಕ್ಕೆ ಹೋಗ್ತಾರೆ, ಅಲ್ಲೇ ಎಡವೋದು. ಥಿಂಗಿವರ್ಸ್, ಪ್ರಿಂಟಬಲ್ಸ್, ಮೇಕರ್‌ವರ್ಲ್ಡ್, ಸ್ಕೆಚ್‌ಫ್ಯಾಬ್ ಇಂಥ ಮಾಡೆಲ್ ಹಂಚೋ ಸೈಟಲ್ಲಿ ಅಪ್‌ಲೋಡ್ ಮಾಡುವಾಗ ಒಂದು ಲಿಸ್ಟ್ ಬರ್ತದೆ, ಹೆಚ್ಚಿನದು ಕ್ರಿಯೇಟಿವ್ ಕಾಮನ್ಸ್ ಅನ್ನೋ ಸಂಸ್ಥೆ ಬರೆದಿಟ್ಟ ರೆಡಿ ಲೈಸೆನ್ಸ್‌ಗಳು, ಈಗ ಚಾಲ್ತಿಯಲ್ಲಿರೋದು 2013ರ 4.0 ಆವೃತ್ತಿ. ಅದರಲ್ಲಿ ಬರೋ ತುಂಡು ಅಕ್ಷರಗಳ ಅರ್ಥ ಹೀಗೆ.

"ಬಿವೈ" ಇದ್ರೆ ನಿಮ್ಮ ಹೆಸರು ಹಾಕ್ಬೇಕು, ಅಷ್ಟು ಮಾಡಿದ್ರೆ ಮಾರ್ಬಹುದು ಕೂಡ. ಮತ್ತೆ ಓದಿ, ಮಾರ್ಬಹುದು. ಬರೀ ಬಿವೈ ಹಾಕಿ ಆಮೇಲೆ "ನಮ್ದನ್ನ ಮಾರ್ತಿದ್ದಾರೆ" ಅಂತ ಅತ್ರೆ ಪ್ರಯೋಜನ ಇಲ್ಲ, ಹೆಸರು ಹಾಕಿಲ್ಲ ಅಂತ ಮಾತ್ರ ಕೇಳ್ಬಹುದು. "ಎನ್‌ಸಿ" ಇದ್ರೆ ವ್ಯಾಪಾರಕ್ಕೆ ಬಳಸೋ ಹಾಗಿಲ್ಲ. "ಎನ್‌ಡಿ" ಇದ್ರೆ ಬದಲಾಯಿಸಿದ್ದನ್ನ ಹಂಚೋ ಹಾಗಿಲ್ಲ. "ಎಸ್‌ಎ" ಇದ್ರೆ ಬದಲಾಯಿಸಿ ಹಂಚಿದ್ರೆ ಅದಕ್ಕೂ ಇದೇ ಲೈಸೆನ್ಸ್ ಹಾಕ್ಬೇಕು. "ಸಿಸಿ ಝೀರೋ" ಹಾಕಿದ್ರೆ ಎಲ್ಲ ಹಕ್ಕನ್ನೂ ಬಿಟ್ಕೊಟ್ಟ ಹಾಗೆ, ಅಲ್ಲಿಗೆ ಈ ಲೇಖನ ನಿಮಗೆ ಬೇಡ, ಕಾಫಿ ಕುಡೀರಿ. ಏನೂ ಹಾಕದೆ ಬರೀ ನಿಮ್ಮ ವೆಬ್‌ಸೈಟಲ್ಲೋ ಡ್ರೈವ್‌ನಲ್ಲೋ ಇಟ್ಟಿದ್ರೆ? ಆಗ ಪೂರ್ತಿ ಹಕ್ಕು ನಿಮ್ದೇ, ಲೈಸೆನ್ಸ್ ಬರ್ದಿಲ್ಲ ಅಂದ್ರೆ ಅನುಮತಿ ಕೊಟ್ಟಿಲ್ಲ ಅಂತ ಲೆಕ್ಕ.

ಇಲ್ಲೊಂದು ಗುಂಡಿ ಇದೆ. ಈ ಲೈಸೆನ್ಸ್ ಒಂದ್ಸಲ ಕೊಟ್ರೆ ವಾಪಸ್ ತಗೊಳ್ಳೋಕೆ ಬರೋದಿಲ್ಲ. ಕಂಪನಿ ಮಾರೋದು ನೋಡಿ ಗಾಬರಿಯಲ್ಲಿ ರಾತ್ರೋರಾತ್ರಿ ಬಿವೈ ತೆಗೆದು ಎನ್‌ಸಿ ಹಾಕಿದ್ರೆ, ಮೊದಲೇ ಡೌನ್‌ಲೋಡ್ ಮಾಡಿದವ್ರಿಗೆ ಹಳೇ ಲೈಸೆನ್ಸೇ ನಡೀತದೆ. ಅಷ್ಟೇ ಅಲ್ಲ, ನೀವು ಸಾಕ್ಷಿ ತಿದ್ದಿದ ಹಾಗೆ ಕಾಣ್ತದೆ. ಪೇಜನ್ನ ಮುಟ್ಟಲೇಬೇಡಿ. ಲೈಸೆನ್ಸ್ ಮುರಿದವ್ರಿಗೆ ಮಾತ್ರ ಆ ಲೈಸೆನ್ಸ್ ತಾನಾಗೇ ರದ್ದಾಗ್ತದೆ, ಗೊತ್ತಾದ 30 ದಿನದೊಳಗೆ ಅವರು ಸರಿಮಾಡಿದ್ರೆ ಮತ್ತೆ ಜೀವ ಬರ್ತದೆ, ಆದ್ರೆ ಮುರಿದಿದ್ದ ದಿನಗಳಿಗೆ ನೀವು ಕೇಳೋ ಹಕ್ಕು ಹಾಗೇ ಉಳೀತದೆ.

ಈ ಅಕ್ಷರಗಳು ಸುಮ್ನೆ ಅಲಂಕಾರಕ್ಕಲ್ಲ ಅನ್ನೋಕೆ ಎರಡು ಉದಾಹರಣೆ. 2016ರ ಫೆಬ್ರವರಿಲಿ ಈಬೇನಲ್ಲಿ ಒಬ್ಬ ಮಾರಾಟಗಾರರು ಥಿಂಗಿವರ್ಸ್‌ನಿಂದ ಸಾವಿರಗಟ್ಟಲೆ ಮಾಡೆಲ್ ಎತ್ಕೊಂಡು, ಫೋಟೋ ಸಮೇತ, ಪ್ರಿಂಟ್ ಮಾಡಿ ಮಾರೋಕೆ ಇಟ್ಟಿದ್ರು. ಲೂಬಿ ಅನ್ನೋ ಕಲಾವಿದೆ ಎನ್‌ಸಿ ಲೈಸೆನ್ಸಲ್ಲಿ ಬಿಟ್ಟಿದ್ದ ಡ್ರ್ಯಾಗನ್ ಕೂಡ ಅದರಲ್ಲಿತ್ತು. "ನೆಟ್ಟಿಗೆ ಹಾಕಿದ್ಮೇಲೆ ಎಲ್ರದ್ದು" ಅನ್ನೋ ಥರ ಮಾರಾಟಗಾರರ ವಾದ. ಲೂಬಿ ಈ ಜಗಳದ ಬಗ್ಗೆನೇ ಒಂದು ಮಾಡೆಲ್ ಮಾಡಿ ಹಾಕಿದ್ಮೇಲೆ ಊರಿಗೆಲ್ಲ ಗೊತ್ತಾಯ್ತು, ಕೊನೆಗೆ ಲಿಸ್ಟಿಂಗ್‌ಗಳು ಹೋದ್ವು. ಇನ್ನೊಂದು ಬೆಂಚಿ ಅನ್ನೋ ಪುಟ್ಟ ದೋಣಿ, ಪ್ರಿಂಟರ್ ತಗೊಂಡವ್ರೆಲ್ಲ ಮೊದಲು ಹೊಡೆಯೋದು ಅದನ್ನೇ. 2015ರಲ್ಲಿ ಸ್ವೀಡನ್ನಿನ ಕ್ರಿಯೇಟಿವ್ ಟೂಲ್ಸ್ ಕಂಪನಿ ಅದನ್ನ ಬಿವೈ-ಎನ್‌ಡಿ ಲೈಸೆನ್ಸಲ್ಲಿ ಬಿಟ್ಟಿತ್ತು, ಹತ್ತು ವರ್ಷ ಜನ ಅದಕ್ಕೆ ಚಕ್ರ ಹಚ್ಚಿ ರೆಕ್ಕೆ ಹಚ್ಚಿ ಆಟ ಆಡಿದ್ರು, ಯಾರೂ ಕೇಳ್ಲಿಲ್ಲ. 2025ರ ಜನವರಿಲಿ ಪ್ರಿಂಟಬಲ್ಸ್‌ನಲ್ಲಿ ಆ ರೀಮಿಕ್ಸ್‌ಗಳು, ಅಂದ್ರೆ ಬದಲಾಯಿಸಿದ ರೂಪಗಳು, ಎನ್‌ಡಿ ಕಾರಣಕ್ಕೆ ಕಾಣೆಯಾಗೋಕೆ ಶುರುವಾದಾಗ ದೊಡ್ಡ ಗಲಾಟೆ, ಮುಂದಿನ ತಿಂಗಳೇ ಅದನ್ನ ಸಾರ್ವಜನಿಕಕ್ಕೆ ಪೂರ್ತಿ ಬಿಟ್ಕೊಟ್ರು. ಅಂದ್ರೆ ಹತ್ತು ವರ್ಷ ಯಾರೂ ಕೇಳ್ದೆ ಇದ್ರೂ ಲೈಸೆನ್ಸ್ ಸತ್ತಿರ್ಲಿಲ್ಲ.

ಒಂದು ಮಾತು ನನ್ನ ಕಸುಬಿನ ಪರವಾಗಿ. ಗಿರಾಕಿ ತಾನೇ ಫೈಲ್ ತಂದು "ನನಗೊಂದು ಹೊಡ್ಕೊಡಿ" ಅಂದಾಗ ಪ್ರಿಂಟ್ ಅಂಗಡಿಯವನು ಕೂಲಿ ತಗೊಂಡ್ರೆ ಅದು ಎನ್‌ಸಿ ಮುರಿದ ಹಾಗಾ? 2018ರಲ್ಲಿ ಅಮೆರಿಕದ ಅಪೀಲು ಕೋರ್ಟೊಂದು ಫೆಡೆಕ್ಸ್ ಆಫೀಸ್ ಅನ್ನೋ ಅಂಗಡಿ ಶಾಲೆಗಳಿಗೆ ಎನ್‌ಸಿ ಲೈಸೆನ್ಸಿನ ಪಾಠಗಳನ್ನ ಜೆರಾಕ್ಸ್ ಮಾಡ್ಕೊಟ್ಟ ಕೇಸಲ್ಲಿ, ಶಾಲೆಯವ್ರಿಗೆ ಹಕ್ಕಿತ್ತು, ಅಂಗಡಿ ಅವರ ಪರವಾಗಿ ಕಾಪಿ ಮಾಡಿತು ಅಷ್ಟೇ, ತಪ್ಪಿಲ್ಲ ಅಂತ ಹೇಳ್ತು. ನಮ್ಮ ಕೋರ್ಟು ಹಾಗೇ ಹೇಳಬೇಕು ಅಂತಿಲ್ಲ. ಆದ್ರೆ ಪಕ್ಕದೂರಿನ ಪ್ರಿಂಟ್ ಅಂಗಡಿ ಮೇಲೆ ಎಗರೋ ಮುಂಚೆ, ಅವ್ರು ಮೊದಲೇ ಹೊಡೆದು ಶೋಕೇಸಲ್ಲಿಟ್ಟು ಮಾರ್ತಿದ್ದಾರಾ, ಇಲ್ಲ ಗಿರಾಕಿ ತಂದಿದ್ದನ್ನ ಹೊಡ್ಕೊಟ್ಟಿದ್ದಾರಾ ನೋಡಿ.

ಹಂತ 2: ಮಾಡೆಲ್ ನಿಜವಾಗ್ಲೂ ನಿಮ್ದೇನಾ?

ಬೇಜಾರ್ ಮಾಡ್ಕೋಬೇಡಿ, ಕೇಳಲೇಬೇಕು. ನಮ್ಮ ದೇಶದಲ್ಲಿ 1957ರ ಕಾಪಿರೈಟ್ ಆಕ್ಟ್ ಪ್ರಕಾರ ಕೃತಿ ಮಾಡಿದ ಕ್ಷಣವೇ ಹಕ್ಕು ಹುಟ್ತದೆ, ರಿಜಿಸ್ಟರ್ ಮಾಡಿಸ್ಲೇಬೇಕು ಅಂತಿಲ್ಲ, ಮಾಡಿದವರ ಜೀವಮಾನ ಮತ್ತೆ ಅವರ ನಂತರ 60 ವರ್ಷ ಇರ್ತದೆ. ಶಿಲ್ಪ ಅನ್ನೋದರೊಳಗೆ ಅಚ್ಚು, ಮಾಡೆಲ್‌ಗಳೂ ಸೇರ್ತವೆ ಅಂತ ಆಕ್ಟಲ್ಲೇ ಇದೆ. ಮೂರು ಆಯಾಮದ್ದನ್ನ ಎರಡು ಆಯಾಮದಲ್ಲಿ ತೋರಿಸೋದು, ಅದನ್ನ ತಿರುವು ಮುರುವು ಮಾಡೋದು, ಕಂಪ್ಯೂಟರಲ್ಲಿ ಸ್ಟೋರ್ ಮಾಡೋದು, ಎಲ್ಲ ಕಾಪಿ ಮಾಡಿದ ಲೆಕ್ಕಕ್ಕೇ ಬರ್ತದೆ. ಅದಕ್ಕೆ ಕಂಪನಿಯವ್ರು ಪ್ರಿಂಟ್ ಮಾಡ್ದೆ ಬರೀ ಜಾಹೀರಾತಿನ ಚಿತ್ರದಲ್ಲೋ ಗೇಮಲ್ಲೋ ನಿಮ್ಮ ಮಾಡೆಲ್ ಬಳಸಿದ್ರೂ ಕೇಳ್ಬಹುದು.

ಆದ್ರೆ ಕೆಲವು ಕಡೆ ಹಕ್ಕು ತೆಳುವಾಗ್ತದೆ. ಕಂಪನೀಲಿ ಕೆಲಸ ಮಾಡ್ತಾ ಅವರ ಕೆಲಸಕ್ಕಂತ ಮಾಡಿದ್ರೆ, ಬೇರೆ ಕರಾರಿಲ್ದಿದ್ರೆ ಮೊದಲ ಮಾಲೀಕರು ಅವ್ರೇ. ಬೇರೆಯವ್ರ ಮಾಡೆಲ್ ತಗೊಂಡು ರೀಮಿಕ್ಸ್ ಮಾಡಿದ್ರೆ ನೀವು ಹೊಸದಾಗಿ ಸೇರಿಸಿದ್ದಷ್ಟಕ್ಕೇ ನಿಮ್ಮ ಮಾತು ನಡಿಯೋದು.

ನಮ್ಮ ಕಡೆಯವ್ರು ಹೆಚ್ಚು ಎಡವೋದು ಇನ್ನೆರಡು ಕಡೆ. ಒಂದು, ಸ್ಕ್ಯಾನ್. ಇಕ್ಕೇರಿ ದೇವಸ್ಥಾನದ ಗೋಡೆಯ ಶಿಲ್ಪನ ನೂರಾರು ಫೋಟೋ ತೆಗೆದು ಸಾಫ್ಟ್‌ವೇರಿಗೆ ಕೊಟ್ಟು ಮಾಡೆಲ್ ಮಾಡ್ತಾರಲ್ಲ, ಅದು. ಕಲ್ಲು ಕಡೆದ ಶಿಲ್ಪಿಗಳ ಹಕ್ಕು ಶತಮಾನಗಳಾಚೆಗೇ ಮುಗಿದ ಮಾತು, ಆ ರೂಪ ಎಲ್ರದ್ದು. ನಿಮ್ಮ ಸ್ಕ್ಯಾನಿಗೆ ಹಕ್ಕು ಬೇಕು ಅಂದ್ರೆ ಬರೀ ಬೆವರು ಸುರಿಸಿದ್ದು ಸಾಲದು, ಸ್ವಲ್ಪನಾದ್ರೂ ಸ್ವಂತ ಸೃಜನಶೀಲತೆ ಇರ್ಬೇಕು ಅಂತ ಸುಪ್ರೀಂ ಕೋರ್ಟ್ 2007ರ ಈಸ್ಟರ್ನ್ ಬುಕ್ ಕಂಪನಿ ಕೇಸಲ್ಲಿ ಹೇಳಿದೆ. ಮುಕ್ಕಾದ ಕೈನ ನೀವು ಊಹೆಯಿಂದ ಕಟ್ಟಿದ್ರಾ, ಪೀಠ ಬದಲಾಯಿಸಿದ್ರಾ? ಅಷ್ಟರ ಮೇಲೆ ವಾದ ನಿಲ್ಲಿಸ್ಬಹುದು. ಇದ್ದಿದ್ದನ್ನ ಇದ್ದ ಹಾಗೇ ಸ್ಕ್ಯಾನ್ ಮಾಡಿ ಹಾಕಿದ್ರೆ ಕೇಸು ಬಲ ಇಲ್ಲ, ನೇರವಾಗಿ ಹೇಳ್ತಿದ್ದೀನಿ.

ಎರಡು, ಹಸೆ ಚಿತ್ತಾರ. ದೀವರ ಸಮುದಾಯದವ್ರ ಮನೆ ಗೋಡೆ ಮೇಲಿನ ಆ ಗೆರೆ, ಆ ನಿಲಿ, ಆ ದಂಡಿಗೆಯ ಮಾದರಿ ನಿಮ್ಮ ಆಸ್ತಿ ಅಲ್ಲ, ನಿಮ್ಮಜ್ಜಿ ಬರೀತಿದ್ರು ಅಂದ್ರೂ ಅಲ್ಲ. ನೀವು ಅದನ್ನ ದೀಪದ ಗೂಡಿಗೆ ಹೇಗೆ ಸುತ್ತಿಸಿದ್ರಿ, ಎಲ್ಲಿ ಕೊರೆದ್ರಿ, ಯಾವ ಗೆರೆ ಉಬ್ಬಿಸಿದ್ರಿ, ಆ ಜೋಡಣೆ ನಿಮ್ದು. ಕಂಪನಿಯವ್ರು ತಾವೇ ಬೇರೆ ಥರ ಚಿತ್ತಾರ ಹಾಕಿ ದೀಪ ಮಾಡಿದ್ರೆ ತಡೆಯೋಕಾಗಲ್ಲ. ನಿಮ್ಮ ಫೈಲನ್ನೇ ಎತ್ತಿದ್ರೆ ತಡೀಬಹುದು.

ಹಂತ 3: ಯಾರಿಗೂ ಏನೂ ಹೇಳೋ ಮುಂಚೆ ಸಾಕ್ಷಿ ಕಟ್ಟಿ

ನಿಮ್ಮ ಮೆಸೇಜ್ ಹೋದ ಹತ್ತು ನಿಮಿಷದಲ್ಲಿ ಅವರ ಲಿಸ್ಟಿಂಗ್ ಮಾಯ ಆಗ್ಬಹುದು. ಅದಕ್ಕೆ ಮೊದಲು ಸಾಕ್ಷಿ, ಆಮೇಲೆ ಮಾತು.

ನಿಮ್ಮ ಪೇಜು ಮತ್ತೆ ಅವರ ಪೇಜು ಎರಡನ್ನೂ ಇಂಟರ್ನೆಟ್ ಆರ್ಕೈವ್‌ನ ವೇಬ್ಯಾಕ್ ಮಷೀನ್‌ನಲ್ಲಿ ಸೇವ್ ಮಾಡಿ, ಅದು ಪೇಜನ್ನ ತಾರೀಕು ಸಮೇತ ಹಾಗೇ ಎತ್ತಿಡೋ ಉಚಿತ ಸೇವೆ. ಅದೃಷ್ಟ ಇದ್ರೆ ನಿಮ್ಮ ಪೇಜಿನ ಹಳೇ ಪ್ರತಿ ಆಗ್ಲೇ ಅಲ್ಲಿರ್ತದೆ, ಅವತ್ತು ಯಾವ ಲೈಸೆನ್ಸ್ ಇತ್ತು ಅಂತ ಅದೇ ಹೇಳ್ತದೆ. ಸ್ಕ್ರೀನ್‌ಶಾಟ್ ತೆಗೆಯುವಾಗ ಮೇಲಿನ ಅಡ್ರೆಸ್ಸು, ಕೆಳಗಿನ ಗಡಿಯಾರ ಎರಡೂ ಕಾಣ್ಲಿ, ಮಾರಾಟಗಾರರ ಹೆಸರು, ಜಿಎಸ್‌ಟಿ ನಂಬರ್, ರೇಟು, ಎಷ್ಟು ರಿವ್ಯೂ ಬಂದಿದೆ ಎಲ್ಲ ಬರ್ಲಿ.

ಆಮೇಲೆ ಒಂದು ಪೀಸ್ ದುಡ್ಡು ಕೊಟ್ಟು ತರಿಸ್ಕೊಳ್ಳಿ. ಕಳ್ಳಮಾಲಿಗೆ ನಾನ್ಯಾಕೆ ದುಡ್ಡು ಕೊಡ್ಲಿ ಅಂತ ಎಲ್ರೂ ಕೇಳ್ತಾರೆ. ಕೊಡಿ. ಬಿಲ್ ಬರ್ತದೆ, ಬಿಲ್ಲಲ್ಲಿ ಕಂಪನಿಯ ನಿಜವಾದ ಹೆಸರು ವಿಳಾಸ ಬರ್ತದೆ. ಪಾರ್ಸೆಲ್ ಬಿಚ್ಚೋದನ್ನ ಒಂದೇ ವಿಡಿಯೋದಲ್ಲಿ ತೆಗೀರಿ. ಸಾಗರದ ಕಡೆಯ ಹುಡುಗನೊಬ್ಬ ಯಕ್ಷಗಾನದ ಕೇದಗೆ ಮುಂದಲೆ ವೇಷದ ಪುಟ್ಟ ಗೊಂಬೆ ಮಾಡಿ ಬಿವೈ-ಎನ್‌ಸಿನಲ್ಲಿ ಬಿಟ್ಟಿದ್ದ, ಅದನ್ನ ಒಂದು ಕಂಪನಿಯವ್ರು ಚಿನ್ನದ ಬಣ್ಣ ಹೊಡೆದು ಮಾರ್ತಿದ್ರು, ಕೇಳಿದ್ರೆ "ನಮ್ಮ ಡಿಸೈನರ್ ಮಾಡಿದ್ದು" ಅಂತ ಉತ್ತರ. ಪಾರ್ಸೆಲ್ ಬಂದ ದಿನ ಅಂಗಡೀಲಿ ಭೂತಗನ್ನಡಿ ಹಿಡಿದು ನೋಡಿದ್ವಿ. ಮುಂದಲೆ ಅಂಚಿನ ಎಡಗಡೆ ಕಿವಿಯಿಂದ ಮೂರನೇ ಮಣಿ ನಾಲ್ಕನೇದಕ್ಕೆ ಅಂಟ್ಕೊಂಡಿತ್ತು. ಅದು ಅವನು ಬ್ಲೆಂಡರ್‌ನಲ್ಲಿ ಕೊನೇಲಿ ಕೈ ತಪ್ಪಿ ಮಾಡಿದ್ದ ತಪ್ಪು, ಬಲಗಡೆ ಸರಿ ಇತ್ತು. ಅವರ ಗೊಂಬೇಲೂ ಎಡಗಡೆಗೇ, ಅದೇ ಮಣಿ. ಯಾವ ಡಿಸೈನರ್‌ಗೂ ಅದೇ ಜಾಗದಲ್ಲಿ ಅದೇ ತಪ್ಪು ಆಗೋದಿಲ್ಲ ಮಾರಾಯ್ರೆ. ನಿಮ್ಮ ತಪ್ಪುಗಳನ್ನ ಹುಡುಕಿ, ಅಲ್ಲೇ ಸಾಕ್ಷಿ ಕೂತಿರ್ತದೆ.

ಇನ್ನು ಒರಿಜಿನಲ್ ಫೈಲ್. ಎಸ್‌ಟಿಎಲ್ ಅನ್ನೋದು ಬರೀ ತ್ರಿಕೋನಗಳ ಪಟ್ಟಿ, ಯಾರು ಮಾಡಿದ್ದು ಅಂತ ಬರಿಯೋಕೆ ಅದರಲ್ಲಿ ಸರಿಯಾದ ಜಾಗನೇ ಇಲ್ಲ. ನಿಮ್ಮ ಹಕ್ಕು ತೋರಿಸೋದು ಪ್ರಾಜೆಕ್ಟ್ ಫೈಲು, ಅರ್ಧಂಬರ್ಧ ಆದ ಹಳೇ ಪ್ರತಿಗಳು, ಕಾಗದದ ಮೇಲಿನ ಸ್ಕೆಚ್ಚು. ಇವೆಲ್ಲದರ ಹ್ಯಾಶ್ ತೆಗೆದಿಡಿ. ಹ್ಯಾಶ್ ಅಂದ್ರೆ ಫೈಲಿನ ಬೆರಳಚ್ಚು, ಫೈಲಲ್ಲಿ ಒಂದು ಚುಕ್ಕೆ ಬದಲಾದ್ರೂ ಹ್ಯಾಶ್ ಪೂರ್ತಿ ಬೇರೆ ಬರ್ತದೆ. 2024ರ ಜುಲೈ 1ರಿಂದ ಜಾರಿಯಲ್ಲಿರೋ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ ಕೋರ್ಟಿಗೆ ಎಲೆಕ್ಟ್ರಾನಿಕ್ ಸಾಕ್ಷಿ ಕೊಡುವಾಗ ಸರ್ಟಿಫಿಕೇಟ್ ಬೇಕು, ಅದರ ಫಾರಂನಲ್ಲೇ ಹ್ಯಾಶ್ ಬರಿಯೋ ಜಾಗ ಇದೆ. ಆಮೇಲೆ ಪರದಾಡೋ ಬದಲು ಈಗ್ಲೇ ತೆಗೆದಿಡಿ.

ಹಂತ 4: ಅದು ಗೊಂಬೆಯೋ, ಬಳಸೋ ವಸ್ತುವೋ?

ಇದು ಯಾರೂ ಹೇಳದ ಗುಂಡಿ, ಸ್ವಲ್ಪ ನಿಧಾನ ಓದಿ. ಮೊದಲನೇ ಸಲ ಲಾಯರ್ ಬಾಯಲ್ಲಿ ಕೇಳಿದಾಗ ನಾನೂ ನಂಬಿರ್ಲಿಲ್ಲ.

ನೋಡೋಕಂತ ಮಾಡಿದ ಗೊಂಬೆ, ಶಿಲ್ಪ ಇವಕ್ಕೆ ಕಾಪಿರೈಟ್ ಸಲೀಸು. ದೀಪದ ಗೂಡು, ಮೊಬೈಲ್ ಸ್ಟ್ಯಾಂಡು, ಬಾಗಿಲ ಹಿಡಿ ಇಂಥ ಬಳಕೆ ವಸ್ತುಗಳ ಆಕಾರ, ಅಲಂಕಾರ ಬರೋದು 2000ನೇ ಇಸವಿಯ ಡಿಸೈನ್ಸ್ ಆಕ್ಟ್ ಅನ್ನೋ ಬೇರೆ ಕಾನೂನಿನ ಕೆಳಗೆ. ಕಾಪಿರೈಟ್ ಆಕ್ಟಿನ 15ನೇ ಸೆಕ್ಷನ್ ಎಂತ ಹೇಳ್ತದೆ ಅಂದ್ರೆ, ಡಿಸೈನ್ ಅಂತ ರಿಜಿಸ್ಟರ್ ಮಾಡಿಸೋಕೆ ಬರ್ತಿದ್ದು, ಮಾಡಿಸ್ದೆ ಬಿಟ್ಟು, ಆ ವಸ್ತುನ ಮಾಲೀಕರಾಗ್ಲಿ ಅವರ ಲೈಸೆನ್ಸ್ ಇದ್ದವ್ರಾಗ್ಲಿ ಕೈಗಾರಿಕಾ ವಿಧಾನದಲ್ಲಿ 50ಕ್ಕಿಂತ ಹೆಚ್ಚು ಸಲ ತಯಾರಿಸಿದ್ರೆ, ಆ ಡಿಸೈನಿನ ಕಾಪಿರೈಟ್ ಅಲ್ಲಿಗೆ ಮುಗೀತು. ಲೈಸೆನ್ಸ್ ಇದ್ದವ್ರು ಅನ್ನೋ ಮಾತು ಗಮನಿಸಿ, ಫ್ರೀ ಬಿಟ್ಟ ಮಾಡೆಲ್‌ಗೆ ಲೈಸೆನ್ಸ್ ಇದ್ದವ್ರು ಲೋಕದ ತುಂಬ ಇರ್ತಾರೆ. ಎದುರಿನ ಲಾಯರ್ ಎತ್ತೋ ಮೊದಲ ಪ್ರಶ್ನೆನೇ ಇದಾಗಿರ್ತದೆ.

ಹಾಗಾದ್ರೆ ಈಗ ಡಿಸೈನ್ ರಿಜಿಸ್ಟರ್ ಮಾಡಿಸೋಣ ಅಂದ್ರೆ ಆಗಲ್ಲ, ಮೊದಲೇ ಜನಕ್ಕೆ ತೋರಿಸಿದ ಡಿಸೈನನ್ನ ರಿಜಿಸ್ಟರ್ ಮಾಡೋದಿಲ್ಲ. ನೆಟ್ಟಿಗೆ ಹಾಕಿದ್ರಿ ಅಂದ್ರೆ ತೋರಿಸಿದ ಹಾಗೇ. ಬಳಕೆ ವಸ್ತುವಿನಿಂದ ದುಡ್ಡು ಮಾಡೋ ಯೋಚನೆ ಇದ್ರೆ ಮೊದಲು ಡಿಸೈನ್ ಅರ್ಜಿ, ಆಮೇಲೆ ಅಪ್‌ಲೋಡ್. ರಿಜಿಸ್ಟರ್ ಆದ್ರೆ 10 ವರ್ಷ ರಕ್ಷಣೆ, ಇನ್ನೈದು ವರ್ಷ ಮುಂದುವರಿಸ್ಬಹುದು.

ಹಂತ 5: ಕಾಗದ ಬರೀರಿ, ಪೋಸ್ಟ್ ಹಾಕ್ಬೇಡಿ

ಫೇಸ್‌ಬುಕ್ಕಲ್ಲಿ ಕಳ್ಳ ಕಂಪನಿ ಅಂತ ಹಾಕಿ ನೂರು ಜನ ಶೇರ್ ಮಾಡಿದ್ರೆ ಖುಷಿ ಆಗ್ತದೆ, ನಿಜ. ಆದ್ರೆ ಮಾನನಷ್ಟದ ಮಾತು ಬರ್ತದೆ. ಇನ್ನೊಂದು, ಕಾಪಿರೈಟ್ ಆಕ್ಟಿನ 60ನೇ ಸೆಕ್ಷನ್ ಪ್ರಕಾರ ಬುಡ ಇಲ್ಲದ ಕೇಸಿನ ಬೆದರಿಕೆ ಹಾಕಿದ್ರೆ, ಬೆದರಿಕೆ ಹಾಕಿಸ್ಕೊಂಡವ್ರೇ ನಿಮ್ಮ ಮೇಲೆ ದಾವೆ ಹಾಕ್ಬಹುದು. ಅದಕ್ಕೇ ಲೈಸೆನ್ಸ್ ಓದಿ ಅಂತ ಮೊದಲೇ ಬಡ್ಕೊಂಡಿದ್ದು. ಕಾಗದ ಹೀಗಿದ್ರೆ ಸಾಕು:

"ಮಾನ್ಯರೇ, ಇಂಥ ಹೆಸರಿನ ತ್ರೀಡಿ ಮಾಡೆಲ್ ನಾನು ರಚಿಸಿ, ಇಂಥ ತಾರೀಕು ಇಂಥ ಪುಟದಲ್ಲಿ ಪ್ರಕಟಿಸಿದ್ದೇನೆ. ಅದರ ಲೈಸೆನ್ಸ್ ವಾಣಿಜ್ಯ ಬಳಕೆಗೆ ಅನುಮತಿ ಕೊಡುವುದಿಲ್ಲ. ನಿಮ್ಮ ಇಂಥ ಪುಟದಲ್ಲಿ ಅದೇ ಮಾಡೆಲ್‌ನ ಪ್ರತಿಗಳು ಮಾರಾಟಕ್ಕಿವೆ, ಒಂದನ್ನು ಇಂಥ ಬಿಲ್ ನಂಬರಿನಲ್ಲಿ ಖರೀದಿಸಿದ್ದೇನೆ, ಹೋಲಿಕೆಯ ಚಿತ್ರಗಳು ಜೊತೆಗಿವೆ. 15 ದಿನದೊಳಗೆ ಮಾರಾಟ ನಿಲ್ಲಿಸಿ, ಈವರೆಗೆ ಮಾರಿದ ಸಂಖ್ಯೆ ತಿಳಿಸಿ, ಅಥವಾ ಲೈಸೆನ್ಸ್ ಪಡೆಯುವ ಬಗ್ಗೆ ನನ್ನನ್ನು ಸಂಪರ್ಕಿಸಿ. ನನ್ನ ಎಲ್ಲ ಹಕ್ಕುಗಳನ್ನು ಕಾಯ್ದಿರಿಸಿಕೊಂಡಿದ್ದೇನೆ."

ಬೈಗುಳ ಇಲ್ಲ, ಅಳು ಇಲ್ಲ, ಲಕ್ಷಗಟ್ಟಲೆ ಪರಿಹಾರದ ಲೆಕ್ಕ ಇಲ್ಲ. ಮೇಲ್ ಮಾಡಿ, ಜೊತೆಗೆ ಬಿಲ್ಲಲ್ಲಿರೋ ವಿಳಾಸಕ್ಕೆ ಸ್ಪೀಡ್ ಪೋಸ್ಟ್ ಕೂಡ ಹಾಕಿ, ತಲುಪಿದ ದಾಖಲೆ ಇಟ್ಕೊಳ್ಳಿ. ಮುಂದಲೆ ಗೊಂಬೆ ವಿಷಯದಲ್ಲಿ ಕಾಗದ ಹೋದ ಒಂಬತ್ತನೇ ದಿನಕ್ಕೆ ಲಿಸ್ಟಿಂಗ್ ಹೋಯ್ತು, ದುಡ್ಡೇನೂ ಬರ್ಲಿಲ್ಲ, ಹುಡುಗ ಅಷ್ಟಕ್ಕೇ ಸಾಕು ಅಂದ.

ಉತ್ತರ ಮೂರು ಥರ ಬರ್ಬಹುದು. "ನಾವು ಇನ್ನೊಂದು ವೆಬ್‌ಸೈಟಿಂದ ತಗೊಂಡಿದ್ದು, ಅಲ್ಲಿ ಸಿಸಿ ಝೀರೋ ಅಂತಿತ್ತು" ಅನ್ನೋದು ಒಂದು. ಯಾರೋ ನಿಮ್ಮ ಮಾಡೆಲ್ ಕದ್ದು ಅಲ್ಲಿ ಹಾಕಿರ್ತಾರೆ, ತನ್ನದಲ್ಲದ ಹಕ್ಕನ್ನ ಅವನು ಕೊಡೋಕೆ ಬರೋದಿಲ್ಲ, ಹಾಗಾಗಿ ಮಾರಾಟ ನಿಲ್ಲಿಸ್ಲೇಬೇಕು. ಆದ್ರೆ ಹಕ್ಕಿದೆ ಅಂತ ಗೊತ್ತಿರ್ಲಿಲ್ಲ, ಅನುಮಾನಕ್ಕೆ ಕಾರಣನೂ ಇರ್ಲಿಲ್ಲ ಅಂತ ಅವರು ಕೋರ್ಟಲ್ಲಿ ತೋರಿಸಿದ್ರೆ ತಡೆಯಾಜ್ಞೆ ಮತ್ತೆ ಲಾಭದಲ್ಲಿ ಪಾಲು ಸಿಕ್ಕೀತು, ನಷ್ಟ ಪರಿಹಾರ ಸಿಗೋದು ಕಷ್ಟ. ಎರಡು, ಪೂರ್ತಿ ಮೌನ. ಮೂರನೇದು ಸಿಹಿಯಾಗಿರ್ತದೆ: "ಇಷ್ಟು ದುಡ್ಡು ಕೊಡ್ತೀವಿ, ಈ ಕಾಗದಕ್ಕೆ ಸೈನ್ ಹಾಕಿ." ಆ ಕಾಗದದ ತಲೆಬರಹ ನೋಡಿ. ಲೈಸೆನ್ಸ್ ಅಂತಿದ್ರೆ ಬಳಸೋಕೆ ಅನುಮತಿ, ಅಸೈನ್‌ಮೆಂಟ್ ಅಂತಿದ್ರೆ ಹಕ್ಕನ್ನೇ ಬರ್ಕೊಟ್ಟ ಹಾಗೆ, ಗೇಣಿಗೆ ಕೊಡೋದಕ್ಕೂ ಕ್ರಯಕ್ಕೆ ಕೊಡೋದಕ್ಕೂ ಇರೋ ವ್ಯತ್ಯಾಸ. ಯಾವ ಮಾಡೆಲ್, ಎಷ್ಟು ವರ್ಷ, ಎಲ್ಲೆಲ್ಲಿ, ಎಷ್ಟು ದುಡ್ಡು ಅಂತ ಬರ್ದೇ ಇರ್ಬೇಕು. ವರ್ಷ ಬರೀದೆ ಬಿಟ್ರೆ ಕಾನೂನು 5 ವರ್ಷ ಅಂತ ತಗೊಳ್ತದೆ, ಜಾಗ ಬರೀದಿದ್ರೆ ಇಡೀ ಭಾರತ.

ಹಂತ 6: ಕಂಪನಿ ಬಾಯಿ ಬಿಡ್ದಿದ್ರೆ ಅಂಗಡಿ ಬಾಗಿಲಿಗೆ ಹೋಗಿ

ಅಂದ್ರೆ ಅವರು ಮಾರ್ತಿರೋ ಆನ್‌ಲೈನ್ ಮಾರ್ಕೆಟ್‌ನ ಕಾಪಿರೈಟ್ ದೂರಿನ ಫಾರಂ. ಹೆಚ್ಚಿನ ದೊಡ್ಡ ಸೈಟಲ್ಲಿ ಇರ್ತದೆ, ಕುಂದುಕೊರತೆ ಅಧಿಕಾರಿಯ ಮೇಲ್ ಕೂಡ ಸೈಟಲ್ಲೇ ಹಾಕಿರ್ಬೇಕು. ಮಾಡೆಲ್ ಫೈಲನ್ನೇ ಯಾರೋ ಮತ್ತೆ ಅಪ್‌ಲೋಡ್ ಮಾಡಿದ್ದು ಅಮೆರಿಕದ ಸೈಟಲ್ಲಿದ್ರೆ ಅಲ್ಲಿನ 1998ರ ಡಿಎಂಸಿಎ ಕಾನೂನಿನ ಟೇಕ್‌ಡೌನ್ ನೋಟಿಸ್, ಅಂದ್ರೆ ಇದನ್ನ ಇಳಿಸಿ ಅನ್ನೋ ಅರ್ಜಿ, ಇಲ್ಲಿಂದ್ಲೇ ಕಳಿಸ್ಬಹುದು, ವೀಸಾ ಬೇಡ. ಅದರಲ್ಲಿ ಸುಳ್ಳು ಹೇಳಿದ್ರೆ ಹೊಣೆ ನಿಮ್ದು, ನೆನಪಿರ್ಲಿ.

ನಮ್ಮ 2013ರ ಕಾಪಿರೈಟ್ ರೂಲ್ಸ್‌ನ 75ನೇ ನಿಯಮದಲ್ಲೂ ಇಂಥದ್ದಿದೆ. ಲಿಖಿತ ದೂರು ಬಂದ 36 ಗಂಟೆಯೊಳಗೆ ಆ ಕಾಪಿ ಸಿಗದ ಹಾಗೆ ಮಾಡ್ಬೇಕು, ಕೇಳೋಕೆ ಚೆನ್ನಾಗಿದೆ. ಆದ್ರೆ ಆ ದೂರಲ್ಲೇ "ನಾನು ಕೋರ್ಟಲ್ಲಿ ದಾವೆ ಹಾಕಿ 21 ದಿನದೊಳಗೆ ಆದೇಶ ತಂದುಕೊಡ್ತೀನಿ" ಅಂತ ನೀವು ಬರ್ಕೊಡ್ಬೇಕು. ಆದೇಶ ಬರ್ದಿದ್ರೆ ಅವ್ರು ವಾಪಸ್ ಹಾಕ್ಬಹುದು. ಕೋರ್ಟಿಗೆ ಹೋಗೋ ಮನಸ್ಸಿಲ್ದಿದ್ರೆ ಈ ನಿಯಮದ ಹೆಸರೆತ್ತಬೇಡಿ, ಸೈಟಿನ ಸ್ವಂತ ಫಾರಂ ಸಾಕು.

ಹಂತ 7: ಕೋರ್ಟು, ಪೊಲೀಸು

ಇಲ್ಲಿಂದ ಮುಂದೆ ಲಾಯರ್ ಇಲ್ದೆ ಹೋಗ್ಬೇಡಿ, ನಾನು ದಾರಿ ಮಾತ್ರ ಹೇಳ್ತೀನಿ. ಒಳ್ಳೆ ಸುದ್ದಿ ಅಂದ್ರೆ ಕಾಪಿರೈಟ್ ಆಕ್ಟಿನ 62ನೇ ಸೆಕ್ಷನ್ ಪ್ರಕಾರ ನೀವು ವಾಸ ಇರೋ ಕಡೆಯ ಜಿಲ್ಲಾ ಕೋರ್ಟಲ್ಲೇ ದಾವೆ ಹಾಕೋ ಅವಕಾಶ ಇದೆ, ಕಂಪನಿ ದಿಲ್ಲೀಲಿದ್ರೂ ನೀವು ತೀರ್ಥಹಳ್ಳಿಯವರಾದ್ರೆ ಬಸ್ಸು ಹತ್ತಿ ಶಿವಮೊಗ್ಗಕ್ಕೆ ಬಂದ್ರಾಯ್ತು. ಕೇಳ್ಬಹುದಾದ್ದು ತಡೆಯಾಜ್ಞೆ, ನಷ್ಟ ಪರಿಹಾರ, ಲಾಭದ ಲೆಕ್ಕ. ಹೆಸರು ಹಾಕದೆ ಬಳಸಿದ್ರೆ, ವಿರೂಪ ಮಾಡಿ ಮರ್ಯಾದೆ ತೆಗೆದ್ರೆ 57ನೇ ಸೆಕ್ಷನ್ನೂ ಇದೆ, ಹಕ್ಕು ಮಾರಿದ್ಮೇಲೂ ಅದು ನಿಮ್ಮ ಹತ್ರಾನೇ ಉಳೀತದೆ. ದಾವೆಯ ಮೌಲ್ಯ 3 ಲಕ್ಷ ಅಥವಾ ಅದಕ್ಕಿಂತ ಹೆಚ್ಚಾಗಿ ಕಮರ್ಷಿಯಲ್ ಕೋರ್ಟಿಗೆ ಹೋದ್ರೆ, ತುರ್ತು ತಡೆಯಾಜ್ಞೆ ಕೇಳ್ತಿಲ್ಲ ಅಂದ್ರೆ ಮೊದಲು ಮಧ್ಯಸ್ಥಿಕೆಗೆ ಹೋಗ್ಲೇಬೇಕು. ಮೂರು ವರ್ಷದ ಕಾಲಮಿತಿ ಇದೆ, ಕೂತಲ್ಲೇ ಕೂತಿರ್ಬೇಡಿ.

ಗೊತ್ತಿದ್ದೂ ಮಾಡಿದ್ರೆ 63ನೇ ಸೆಕ್ಷನ್ ಅಡಿ ಅಪರಾಧ ಕೂಡ, 6 ತಿಂಗಳಿಂದ 3 ವರ್ಷ ಜೈಲು, 50 ಸಾವಿರದಿಂದ 2 ಲಕ್ಷ ದಂಡ. ಪೊಲೀಸರು ನೇರವಾಗಿ ಕೇಸ್ ದಾಖಲು ಮಾಡ್ಬಹುದಾದ ಅಪರಾಧ ಅಂತ 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆದ್ರೂ ಎನ್‌ಸಿ ಅಂದ್ರೇನು, ಎಸ್‌ಟಿಎಲ್ ಅಂದ್ರೇನು ಅಂತ ಸ್ಟೇಷನ್ನಲ್ಲಿ ವಿವರಿಸೋ ತಾಳ್ಮೆ ನಿಮಗಿರ್ಬೇಕು. ನನ್ನ ಅಭಿಪ್ರಾಯ ಕೇಳಿದ್ರೆ ಸಣ್ಣ ಪುಟ್ಟದಕ್ಕೆ ಇದು ಬೇಡ.

ಲಾಯರ್ ಫೀಸಿಗೆ ದುಡ್ಡಿಲ್ಲ ಅಂತ ಬಿಡ್ಬೇಡಿ. ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ ಪಂಗಡದವ್ರಿಗೆ, ಆದಾಯ ಮಿತಿಯೊಳಗಿರೋರಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ಲಾಯರ್ ಸಿಗ್ತಾರೆ, 15100ಕ್ಕೆ ಫೋನ್ ಮಾಡಿ.

ಹಂತ 8: ಮುಂದಿನ ಸಲ ಅಪ್‌ಲೋಡ್ ಮಾಡುವಾಗ

ಪ್ಲಾಟ್‌ಫಾರ್ಮ್ ತಾನಾಗೇ ಆರಿಸಿಟ್ಟ ಲೈಸೆನ್ಸನ್ನ ಹಾಗೇ ಬಿಟ್ಟು ಪಬ್ಲಿಷ್ ಒತ್ತಬೇಡಿ. ಗೊಂಬೆ ಅಡಿಭಾಗದಲ್ಲಿ ನಿಮ್ಮ ಗುರುತು ಕೊರೆದಿಡಿ, ಜೊತೆಗೆ ಕಣ್ಣಿಗೆ ಬೀಳದ ಕಡೆ ಬೇಕಂತಲೇ ಒಂದು ಸಣ್ಣ "ತಪ್ಪು" ಇಡಿ, ಅಡಿಭಾಗದ ಗುರುತು ಅಳಿಸ್ತಾರೆ, ತಪ್ಪು ಅವರಿಗೆ ಗೊತ್ತೇ ಇರೋದಿಲ್ಲ. ಸಾಧ್ಯ ಆದ್ರೆ ತ್ರೀಎಂಎಫ್ ಫೈಲ್ ಹಾಕಿ, ಅದರಲ್ಲಿ ಡಿಸೈನರ್ ಹೆಸರು, ಕಾಪಿರೈಟ್, ಲೈಸೆನ್ಸ್ ಬರಿಯೋಕೆ ಜಾಗ ಇದೆ. ಎಸ್‌ಟಿಎಲ್ಲೇ ಬೇಕಂದ್ರೆ ಬೈನರಿ ಎಸ್‌ಟಿಎಲ್‌ನ ತಲೆಯಲ್ಲಿ 80 ಬೈಟ್ ಖಾಲಿ ಜಾಗ ಇರ್ತದೆ, ಅಲ್ಲಿ ಹೆಸರು ತುರುಕ್ಬಹುದು, ಬೇರೆ ಸಾಫ್ಟ್‌ವೇರಲ್ಲಿ ಸೇವ್ ಮಾಡಿದ್ರೆ ಅಳಿಸಿ ಹೋಗ್ತದೆ, ಆದ್ರೂ ಸೋಮಾರಿ ಕಳ್ಳರು ಹಾಗೇ ಬಿಟ್ಟಿರೋದನ್ನ ನೋಡಿದ್ದೀನಿ. ನಿಮಗೆ ತುಂಬ ಮುಖ್ಯ ಅನ್ನಿಸಿದ ಮಾಡೆಲ್‌ನ ಕಾಪಿರೈಟ್ ಆಫೀಸಲ್ಲಿ ರಿಜಿಸ್ಟರ್ ಮಾಡಿಸಿ, ಕಲಾಕೃತಿಗೆ ಫೀಸು 500, ಸರಕಿನ ಮೇಲೆ ಬಳಸೋ ಥರದ್ದಾದ್ರೆ 2000, ಆನ್‌ಲೈನಲ್ಲೇ ಆಗ್ತದೆ. ರಿಜಿಸ್ಟರ್ ಇದ್ರೆ ಕೋರ್ಟಲ್ಲಿ ಮೇಲ್ನೋಟದ ಪುರಾವೆ ಅಂತ ತಗೊಳ್ತಾರೆ.

ಇತ್ತೀಚೆಗೆ ಎಐ ಬಗ್ಗೆನೂ ಕೇಳ್ತಾರೆ, ನಮ್ಮ ಮಾಡೆಲ್ ಹಾಕಿ ಎಐಗೆ ಕಲಿಸ್ತಾರಂತಲ್ಲ ಅಂತ. ಹೌದು, 2022ರಲ್ಲಿ ಬಂದ ಆಬ್ಜಾವರ್ಸ್ ಅನ್ನೋ ಸಂಗ್ರಹದಲ್ಲಿ 8 ಲಕ್ಷಕ್ಕೂ ಹೆಚ್ಚು ಮಾಡೆಲ್ ಇವೆ, ಎಲ್ಲ ಸ್ಕೆಚ್‌ಫ್ಯಾಬ್‌ನಲ್ಲಿ ಜನ ಕ್ರಿಯೇಟಿವ್ ಕಾಮನ್ಸ್‌ನಲ್ಲಿ ಬಿಟ್ಟಿದ್ದವು. ಆಮೇಲೆ ಸ್ಕೆಚ್‌ಫ್ಯಾಬ್ "ನೋಎಐ" ಅನ್ನೋ ಟ್ಯಾಗ್ ತಂತು, ಎಐ ಬೇಡ ಅನ್ನೋರು ಹಾಕ್ಕೊಳ್ಳಿ. ನಮ್ಮಲ್ಲಿ ಎಐ ಕಲಿಕೆಗೆ ಬಳಸೋದು ತಪ್ಪಾ ಸರಿಯಾ ಅನ್ನೋ ಪ್ರಶ್ನೆ 2024ರ ನವೆಂಬರ್‌ನಲ್ಲಿ ಎಎನ್‌ಐ ಸುದ್ದಿಸಂಸ್ಥೆ ಓಪನ್‌ಎಐ ಮೇಲೆ ಹಾಕಿದ ಕೇಸಿನ ಮೂಲಕ ದಿಲ್ಲಿ ಹೈಕೋರ್ಟ್ ಮುಂದೆ ಬಂದಿದೆ.

ಅಂಗಡಿಗೆ ಬರೋರು ಪೆನ್‌ಡ್ರೈವಲ್ಲಿ ಪ್ರಾಜೆಕ್ಟ್ ಫೈಲು, ಫೋನಲ್ಲಿ ಎರಡೂ ಪೇಜಿನ ಲಿಂಕು ತಂದ್ರೆ ಒಂದು ಗಂಟೇಲಿ ಹಂತ 3ರ ತನಕ ಮುಗಿಸ್ಕೊಡ್ತೀನಿ. ಮಧ್ಯಾಹ್ನ ಎರಡರ ಮೇಲೆ ಬನ್ನಿ, ಬೆಳಿಗ್ಗೆ ಪ್ರಿಂಟರ್ ಮುಂದೆ ಕೂತಿರ್ತೀನಿ, ಯಾರು ಕರೆದ್ರೂ ಕೇಳೋದಿಲ್ಲ.